ಇಳಿಗಡೆ

ದಾರದ ರೀಲು ಡಾರ್ಕಸಳ ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಬಿದ್ದಲ್ಲೇ ನಿಂತಿತು.

ಒಗೆದ ಬಟ್ಟೆಗಳ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೊಸೆ ಬ್ರೆಂಡಾ ಅದನ್ನು ಕಣ್ಣಾರೆ ಕಂಡಳು. ಮದುವೆಯಾಗಿ ಅವಳು ಈ ಮನೆಗೆ ಬಂದಾಗಿನಿಂದ, ಮಹಡಿಯ ಈ ಕೋಣೆಯಲ್ಲಿ ಕೈತಪ್ಪಿದ ದುಂಡನೆಯ ವಸ್ತು ಯಾವುದೂ ಬಿದ್ದ ಜಾಗದಲ್ಲಿ ನಿಂತಿರಲಿಲ್ಲ. ರೀಲು, ಗುಂಡಿ, ಮಾತ್ರೆ, ಒಮ್ಮೆ ಬೇಯಿಸಿದ ಮೊಟ್ಟೆ, ಎಲ್ಲವೂ ಓಕ್ ಹಲಗೆಗಳ ಮೇಲೆ ಗಡಗಡ ಸದ್ದು ಮಾಡುತ್ತ ಕೊಳದ ಕಡೆಯ ಮೂಲೆಗೆ ಓಡಿಹೋಗುತ್ತಿದ್ದವು. ಮಂಚದಡಿ ತೂರಿ, ತಲೆಗೆ ಜೇಡರಬಲೆ ಮೆತ್ತಿಸಿಕೊಂಡು ಅವನ್ನು ಹುಡುಕಿ ತರುವ ಕೆಲಸ ಸೊಸೆಯದು.

"ರೀಲು ಎಲ್ಲಿ ಹೋಯ್ತೇ?" ಡಾರ್ಕಸ್ ಮೂಲೆಯ ಕಡೆಗೆ ಕಿವಿ ಕೊಟ್ಟು ಕೇಳಿದಳು.

"ಎಲ್ಲೂ ಹೋಗಿಲ್ಲ ಅತ್ತೆ. ನಿಮ್ಮ ಕಾಲ್ ಹತ್ರಾನೇ ಬಿದ್ಕೊಂಡಿದೆ."

"ಸದ್ದೇ ಕೇಳ್ಲಿಲ್ಲ."

"ಇನ್ಮೇಲೆ ಕೇಳಲ್ಲ. ನೆಲ ಮಟ್ಟ ಆಯ್ತಲ್ಲ!" ಬ್ರೆಂಡಾಳ ದನಿಯಲ್ಲಿ ಗೆದ್ದ ಸಂತೋಷ ತುಳುಕುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ.

ಕೆಳಗಿನಿಂದ, ಮನೆಯ ಮೂಲೆಗೆ ಜಾಕಿ ಕೊಟ್ಟು ಎತ್ತುತ್ತಿದ್ದ ಬಡಗಿ ನಾರ್ಮನ್ ಥರ್ಟ್ಲ್ ಕೂಗಿ ಕೇಳಿದ: "ಮೇಲೆ ಹೆಂಗಿದೆ, ಮಿಸೆಸ್ ಗ್ಯಾರಡ್?"

ಮನೆಯಲ್ಲಿ ಇಬ್ಬರು ಮಿಸೆಸ್ ಗ್ಯಾರಡ್ ಇದ್ದರಲ್ಲ, ಇಬ್ಬರೂ ಒಟ್ಟಿಗೇ ಉತ್ತರ ಕೊಟ್ಟರು. "ತುಂಬಾ ಚೆನ್ನಾಗಿದೆ!" ಎಂದಳು ಸೊಸೆ. "ಏನೂ ಚೆನ್ನಾಗಿಲ್ಲ," ಎಂದಳು ಅತ್ತೆ. ನಾರ್ಮನ್‌ಗೆ ಯಾವುದು ಕೇಳಿಸಿತೋ, ಜಾಕಿಯ ಸದ್ದು ನಿಂತಿತು.

ಸಫೊಕ್ ಸೀಮೆಯ ಮರದ ಚೌಕಟ್ಟಿನ ಮನೆಗಳಿಗೆ ನೆಟ್ಟಗೆ ನಿಲ್ಲುವ ಅಭ್ಯಾಸವೇ ಇಲ್ಲ. ಕಟ್ಟಿದವರು ಹಸಿ ಓಕ್ ಮರದಲ್ಲಿ ಕಟ್ಟಿ ಹೋದರು. ಮರ ಒಣಗುತ್ತ ಒಣಗುತ್ತ ತನಗೆ ಬೇಕಾದ ಹಾಗೆ ತಿರುಚಿಕೊಂಡಿತು. ಗ್ಯಾರಡ್ ಮನೆಯ ನಡುವೆ ಇಟ್ಟಿಗೆಯ ಹೊಗೆಗೂಡು ಮಾತ್ರ ಅಲುಗದೆ ನಿಂತಿತ್ತು. ಕೊಳದ ಕಡೆಯ ಮೂಲೆಗಂಬ ಯಾವ ಕಾಲದಲ್ಲೋ ಒಂದು ಗೇಣು ಕುಸಿದು, ಮಹಡಿಯ ನೆಲವನ್ನೂ ತನ್ನ ಜೊತೆ ಎಳೆದುಕೊಂಡಿತ್ತು. ಆದ್ದರಿಂದ ಆ ಕೋಣೆಯಲ್ಲಿ ಎಡ ಬಲ ಎಂಬ ಮಾತೇ ಇರಲಿಲ್ಲ. ಹೊಗೆಗೂಡು ಮತ್ತು ಮೆಟ್ಟಿಲಿರುವ ಕಡೆ ‘ಏರುಗಡೆ’, ಕಿಟಕಿಯ ಕಡೆ ‘ಇಳಿಗಡೆ’. ಗ್ಯಾರಡ್ ಮನೆಯ ಮಕ್ಕಳು ಮಾತು ಕಲಿಯುವಾಗಲೇ ಇವೆರಡನ್ನೂ ಕಲಿಯುತ್ತಿದ್ದರು.

ಇಪ್ಸ್ವಿಚ್ಚಿನ ಸರ್ಕಾರಿ ಬಾಡಿಗೆ ಮನೆಯಲ್ಲಿ, ತಟ್ಟೆಯಂಥ ಸಮ ನೆಲದ ಮೇಲೆ ಬೆಳೆದ ಬ್ರೆಂಡಾಗೆ ಇದೆಲ್ಲ ಎಲ್ಲಿ ಗೊತ್ತು? ಮದುವೆಯಾದ ಹೊಸತರಲ್ಲಿ ಅತ್ತೆ, "ದಪ್ಪ ಕಂಬಳಿ ಇಳಿಗಡೆ ಇದೆ, ತಗೊಂಡ್ಬಾರೇ," ಎಂದಾಗ ಅವಳು ಮೆಟ್ಟಿಲಿಳಿದು ಹೋದಳು. ಅಡುಗೆಮನೆ ಹುಡುಕಿದಳು, ಹಾಲಿನ ಕೋಣೆ ಹುಡುಕಿದಳು, ಕೊನೆಗೆ ಹಂದಿಗೂಡಿನವರೆಗೂ ಹೋಗಿ ಬರಿಗೈಯಲ್ಲಿ ಬಂದಳು. ಕಂಬಳಿ ಅತ್ತೆಯ ಕಣ್ಣೆದುರಿಗೇ, ಕಿಟಕಿಯ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಡಾರ್ಕಸ್ ಆ ಕಥೆಯನ್ನು ಚರ್ಚಿನ ಹೆಂಗಸರೆದುರು ಚಹಾ ಕುಡಿಯುತ್ತ ಹೇಳಿದಳು. ಆಮೇಲೆ ಪ್ರತಿ ಕ್ರಿಸ್ಮಸ್ಸಿಗೂ ಹೇಳಿದಳು. ವರ್ಷ ಕಳೆದಂತೆ ಹಂದಿಗಳೂ ಹೆಚ್ಚಾದವು. ಅಂದೇ ಬ್ರೆಂಡಾ ತೀರ್ಮಾನಿಸಿದ್ದಳು, ಆ ಎರಡು ಮಾತು ತನ್ನ ನಾಲಿಗೆಯ ಮೇಲೆ ಸಾಯುವವರೆಗೂ ಬರಕೂಡದು. ಮೂವತ್ತು ವರ್ಷ ಆ ಹಟ ಬಿಟ್ಟಿರಲಿಲ್ಲ. ‘ಕಿಟಕಿ ಹತ್ರ’ ಎನ್ನುತ್ತಿದ್ದಳು, ‘ಮೆಟ್ಟಿಲ ಹತ್ರ’ ಎನ್ನುತ್ತಿದ್ದಳು.

ಅದಕ್ಕಿಂತ ದೊಡ್ಡ ಹಗೆ ಬೆಣೆಗಳ ಮೇಲೆ. ಮಂಚ, ಬೀರು, ಮುಖ ತೊಳೆಯುವ ಮೇಜು, ಎಲ್ಲದರ ಇಳಿಗಡೆಯ ಕಾಲಿಗೂ ಒಂದೊಂದು ಮರದ ಬೆಣೆ. ಗುಡಿಸುವಾಗ ಪೊರಕೆ ತಾಗಿದರೆ ಸಾಕು, ಬೆಣೆ ಜಾರಿ, ಬೀರುವಿನ ಬಾಗಿಲು ಕಿರ್ ಎಂದು ತೆರೆದು, ಸತ್ತ ಮಾವನ ಕೋಟು ಹೊರಗೆ ಇಣುಕುತ್ತಿತ್ತು. ಬೈದುಕೊಳ್ಳುತ್ತಲೇ ಬ್ರೆಂಡಾ ಪಾದದಿಂದ ಬೆಣೆಯನ್ನು ಒಳಕ್ಕೆ ನೂಕುತ್ತಿದ್ದಳು. ಹೀಗೆ ನೂಕಿ ನೂಕಿ ಅವಳ ಬಲಗಾಲ ಚಪ್ಪಲಿಯ ತುದಿ ಯಾವಾಗಲೂ ಮೊದಲು ಸವೆಯುತ್ತಿತ್ತು.

ಈ ವಸಂತದಲ್ಲಿ ನಾರ್ಮನ್ ಮೂಲೆಗಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದ್ದ. ಕೇಕಿಗೆ ಚಾಕು ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಬುಡವೆಲ್ಲ ಕೊಳೆತು ಹುಡಿಯಾಗಿತ್ತು. ಮೂಲೆಯನ್ನು ಜಾಕಿಯ ಮೇಲೆ ನಿಲ್ಲಿಸಿ, ಕೊಳೆತದ್ದನ್ನು ಕೊಯ್ದು, ಹೊಸ ಓಕಿನ ಕಾಲು ಜೋಡಿಸಬೇಕು ಎಂದ.

"ಹೆಂಗೂ ಎತ್ತುತ್ತೀಯಲ್ಲ, ನೆಲಾನೂ ಮಟ್ಟ ಮಾಡ್ಬಿಡು," ಎಂದ ಬ್ರೆಂಡಾಳ ಗಂಡ ಕ್ಲಿಫ್. "ಅಮ್ಮನ ಕಣ್ಣು ಪೂರ್ತಿ ಹೋಗ್ತಾ ಇದೆ. ಈ ಇಳಿಜಾರಲ್ಲಿ ಯಾವತ್ತಾದ್ರೂ ಬಿದ್ದು ಸೊಂಟ ಮುರ್ಕೋತಾಳೆ."

"ಹಳೇ ಮನೆ ಕ್ಲಿಫ್. ಹೆಂಗ್ ಕೂತಿದ್ಯೋ ಹಂಗೇ ಬಿಟ್ರೆ ಅದಕ್ಕೆ ಒಳ್ಳೇದು."

"ಮನೆ ಇರೋದು ಅಮ್ಮನಿಗೋಸ್ಕರ. ಅಮ್ಮ ಇರೋದು ಮನೆಗೋಸ್ಕರ ಅಲ್ಲ."

ಇಂಥ ಮಾತಿಗೆ ಯಾರು ತಾನೆ ಎದುರಾಡಿಯಾರು? ನಾರ್ಮನ್ ಟೋಪಿ ಸರಿಮಾಡಿಕೊಂಡ. ಬ್ರೆಂಡಾ ಗಂಡನ ತಟ್ಟೆಗೆ ಇನ್ನೊಂದು ಚೂರು ಹಂದಿಮಾಂಸ ಬಡಿಸಿದಳು. ಡಾರ್ಕಸಳನ್ನು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದರಲ್ಲ.

ಸುಗ್ಗಿ ಮುಗಿದ ಮೇಲೆ ಕೆಲಸ ಶುರುವಾಯಿತು. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಕೂದಲೆಳೆಯಷ್ಟು ಲೆಕ್ಕದಲ್ಲಿ ನಾರ್ಮನ್ ಮೂಲೆಯನ್ನು ಎತ್ತುತ್ತ ಹೋದ. ಮನೆ ನರಳಿತು. ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆಯಲ್ಲಿ ಬಿರುಕುಗಳು ಬಿಟ್ಟವು. ಸೊಟ್ಟ ಚೌಕಟ್ಟಿಗೆ ಸರಿಯಾಗಿ ಯಾರೋ ಸೊಟ್ಟಗೆ ಕೊಯ್ದಿದ್ದ ಕೋಣೆಯ ಬಾಗಿಲು, ಚೌಕಟ್ಟು ನೆಟ್ಟಗಾದ ಮೇಲೆ ಹಾಕಲೂ ಬರದೆ ತೆಗೆಯಲೂ ಬರದೆ ಅರ್ಧಕ್ಕೇ ಸಿಕ್ಕಿಕೊಂಡಿತು. ಬ್ರೆಂಡಾಗೆ ಇದಾವುದೂ ತೊಂದರೆಯೆನಿಸಲಿಲ್ಲ. ರೀಲು ನಿಂತ ದಿನ ಅವಳು ಎಲ್ಲ ಬೆಣೆಗಳನ್ನೂ ಕಿತ್ತು ಬುಟ್ಟಿಗೆ ತುಂಬಿ, ಒಲೆಗೆ ಹಾಕಲೆಂದು ಅಡುಗೆಮನೆಯಲ್ಲಿ ಇಟ್ಟಳು.

ಅಂದಿನಿಂದ ಡಾರ್ಕಸ್ ಮೆತ್ತಗಾದಳು. ಮೊದಲು ಮೊಣಕೈಯಲ್ಲಿ ಒಂದು ಕಪ್ಪು ಕಲೆ ಕಾಣಿಸಿತು. ಮಂಚದ ಕಂಬಕ್ಕೆ ತಗುಲಿತಂತೆ. ಆಮೇಲೆ ಹಣೆಯಲ್ಲಿ ಒಂದು ಗೀರು. ಆಮೇಲೆ ಅವಳು ಕುರ್ಚಿ ಬಿಟ್ಟು ಏಳುವುದನ್ನೇ ಕಡಿಮೆ ಮಾಡಿದಳು. ಬೆಳಗಾಗುತ್ತಲೇ ತಾನೇ ಇಳಿದು ಬಂದು, ಚಹಾ ತಡವಾಯಿತೆಂದು ಸೊಸೆಗೆ ಚುಚ್ಚುತ್ತಿದ್ದವಳು, "ಮೇಲಕ್ಕೇ ತಂದ್ಕೊಡ್ತೀಯಾ?" ಎಂದು ಕೇಳತೊಡಗಿದಳು. ಕೇಳುವ ದನಿಯೂ ಬೇರೆ. ಚುಚ್ಚುಮಾತಿಗೆ ಮೂವತ್ತು ವರ್ಷದಿಂದ ಉತ್ತರ ಕಲಿತಿದ್ದ ಬ್ರೆಂಡಾಗೆ ಈ ವಿನಯಕ್ಕೆ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ.

"ಹೊಸಾ ನೆಲ ಅಲ್ವಾ, ರೂಢಿ ಆಗತ್ತೆ ಬಿಡು," ಎಂದ ಕ್ಲಿಫ್.

ರೂಢಿಯಾಗಲಿಲ್ಲ. ಒಂದು ಬೆಳಿಗ್ಗೆ ಬ್ರೆಂಡಾ ಚಹಾ ಹಿಡಿದು ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿದರೆ, ರಾತ್ರಿಯಂಗಿಯಲ್ಲಿ ಡಾರ್ಕಸ್ ಮೆಟ್ಟಿಲ ತುದಿಯಲ್ಲಿ ನಿಂತಿದ್ದಾಳೆ. ಬಲಗೈ ಮುಂದಕ್ಕೆ ಚಾಚಿದೆ, ಬೆರಳು ಏನನ್ನೋ ಹುಡುಕುತ್ತಿದೆ. ಪರದೆ ಸರಿಸುವಾಗ ಅವಳು ಕೈ ಚಾಚುತ್ತಿದ್ದುದೇ ಹಾಗೆ. ಅರ್ಧ ಪಾದ ಆಗಲೇ ಮೆಟ್ಟಿಲಿನಾಚೆ ಗಾಳಿಯಲ್ಲಿದೆ.

ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಚಹಾವನ್ನು ಮೆಟ್ಟಿಲ ಮೇಲಿಟ್ಟು, ಆದಷ್ಟು ಮಾಮೂಲಿ ದನಿಯಲ್ಲಿ, "ಅತ್ತೆ, ಹಂಗೇ ನಿಂತ್ಕೊಳ್ಳಿ. ನಿಮ್ಮ ಅಂಗಿ ಹಿಂದ್ಗಡೆ ಸಿಕ್ಕಾಕೊಂಡಿದೆ. ಹರಿದುಹೋಗತ್ತೆ, ಅಲ್ಲಾಡ್ಬೇಡಿ," ಎನ್ನುತ್ತ ಹತ್ತಿದಳು. ಹತ್ತಿ, ಎರಡೂ ಕೈಯಿಂದ ಮುದುಕಿಯ ಸೊಂಟ ಬಳಸಿ ಹಿಂದಕ್ಕೆ ಎಳೆದುಕೊಂಡಳು. ಅತ್ತೆಯನ್ನು ಅವಳು ಹಾಗೆ ಅಪ್ಪಿಕೊಂಡದ್ದು ಅದೇ ಮೊದಲು. ಹಕ್ಕಿಯಷ್ಟೂ ಭಾರವಿರಲಿಲ್ಲ.

"ಕಿಟಕಿ ಎಲ್ಲಿ ಹೋಯ್ತು ಬ್ರೆಂಡಾ?"

"ನೀವು ಮೆಟ್ಟಿಲ ಹತ್ರ ಇದ್ದೀರ ಅತ್ತೆ."

ಮಂಚದ ಮೇಲೆ ಕೂರಿಸಿದ ಮೇಲೆ ಡಾರ್ಕಸ್ ಬರಿಗಾಲಿನ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಒತ್ತಿ ನೋಡಿದಳು. "ಮೊದ್ಲೆಲ್ಲ ಕಾಲಿಟ್ರೆ ಹೇಳ್ತಿತ್ತು ಕಣೇ, ಎಲ್ಲಿದ್ದೀನಿ ಅಂತ. ಮೊಣಕಾಲು ಮುಂದಕ್ಕೆ ಬಿದ್ರೆ ಕಿಟಕಿ, ಎದೆ ಏದುಸಿರು ಬಿಟ್ರೆ ಮೆಟ್ಟಿಲು. ಕಣ್ಣು ಹೋಗಿದ್ದೇ ನಂಗೆ ಅಷ್ಟಾಗಿ ಗೊತ್ತಾಗಿರ್ಲಿಲ್ಲ. ಈಗ ಈ ನೆಲ ಬಾಯೇ ಬಿಡಲ್ಲ." ಸ್ವಲ್ಪ ತಡೆದು ಸೇರಿಸಿದಳು: "ಕ್ಲಿಫ್‌ಗೆ ಹೇಳ್ಬೇಡ. ಪಾಪ, ನನಗೋಸ್ಕರ ಮಾಡಿಸಿದಾನೆ."

ಬ್ರೆಂಡಾಗೆ ಹೇಳದೆ ಇರಲಾಗಲಿಲ್ಲ. ಮೆಟ್ಟಿಲ ವಿಷಯ, ಹುಡುಗಾಟವಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು. ಕ್ಲಿಫ್ ಫೋರ್ಕು ಕೆಳಗಿಟ್ಟ. ನೆಲದ ಮಾತು ಮಾತ್ರ ಅವನ ತಲೆಗೇ ಹತ್ತಲಿಲ್ಲ. ಅಮ್ಮನಿಗೆ ವಯಸ್ಸಾಯಿತು, ದಿಕ್ಕು ತಪ್ಪುತ್ತಿದೆ ಎಂದಷ್ಟೇ ತಿಳಿದುಕೊಂಡ.

"ಫೆಲಿಕ್ಸ್‌ಸ್ಟೋದಲ್ಲಿ ವಯಸ್ಸಾದವರಿಗೆ ಒಂದು ಮನೆ ಇದೆ. ಸಮುದ್ರದ ದಂಡೇಲಿ. ನರ್ಸುಗಳು ಇರ್ತಾರೆ, ಮೆಟ್ಟಿಲು ಇಲ್ಲ," ಎಂದ. "ಇನ್ನೇನ್ ಮಾಡ್ಲಿ ಹೇಳು? ಹಗಲೂ ರಾತ್ರಿ ನೀನು ಕಾಯೋಕಾಗತ್ತಾ?"

ಇಲ್ಲಿ ನಿಜವನ್ನೇ ಹೇಳಬೇಕು. ಆ ಕ್ಷಣ ಬ್ರೆಂಡಾಳ ಮನಸ್ಸು ಹಗುರಾಯಿತು. ಸಮನಾದ ನೆಲ, ಅತ್ತೆಯಿಲ್ಲದ ಮಹಡಿ, ಹಂದಿಗೂಡಿನ ಕಥೆಯಿಲ್ಲದ ಕ್ರಿಸ್ಮಸ್ಸು. ಮೂವತ್ತು ವರ್ಷದ ಬಯಕೆ ಒಂದೇ ಮಧ್ಯಾಹ್ನ ಕೈಗೆ ಬಂದಿತ್ತು. ಮರುಕ್ಷಣ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಸಿಟ್ಟೂ ಬಂತು. ಅವಳೇನು ಕೇಡು ಬಯಸಿದ್ದಳೇ? ಒಂದು ನೆಟ್ಟಗಿನ ನೆಲ ಕೇಳಿದ್ದಳು, ಅಷ್ಟೇ.

ಆ ಮನೆಯಲ್ಲಿ ಕೆಳಗೆ ಆಡಿದ ಮಾತು ಹಲಗೆಯ ಸಂದಿಯಿಂದ ಮೇಲಕ್ಕೆ ಕೇಳುತ್ತದೆ. ಬ್ರೆಂಡಾ ತಟ್ಟೆ ತೆಗೆಯಲು ಹೋದಾಗ ಡಾರ್ಕಸ್ ತನ್ನ ಗುಂಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳಕ್ಕೆ ದಾರ ಕಟ್ಟುತ್ತಿದ್ದಳು; ಗಾಡಿಯಲ್ಲಿ ಒಯ್ಯುವಾಗ ಚೆಲ್ಲದಿರಲಿ ಎಂದು.

"ದೊಡ್ಡ ಕಿಟಕಿ ಇರೋ ಕೋಣೆ ಕೇಳು ಅನ್ನು ಅವನಿಗೆ," ಎಂದಳು. "ಕಾಣಲ್ಲ ಅನ್ಕೋ. ಆದ್ರೂ ಇರ್ಲಿ." ಆಮೇಲೆ, ದಾರದ ಗಂಟನ್ನು ಬಿಗಿಯುತ್ತ, "ನಿಂಗೂ ಸ್ವಲ್ಪ ಆರಾಮಾಗತ್ತೆ. ಸಾಕಷ್ಟು ಸಲ ಮಂಚದ ಕೆಳಗೆ ತೂರಿಸಿದ್ದೀನಿ ನಿನ್ನ."

ಬ್ರೆಂಡಾ ತಟ್ಟೆ ಹಿಡಿದು ಹೊರಟಳು. ಬೀರುವಿನ ಮುಂದೆ ಬಂದಾಗ, ತನಗೇ ಅರಿವಿಲ್ಲದೆ, ಅವಳ ಬಲಗಾಲು ಬೆಣೆ ನೂಕಲು ಚಾಚಿತು. ಬೆಣೆ ಇರಲಿಲ್ಲ. ಎಡವಿದಳು, ತಟ್ಟೆ ಕೈತಪ್ಪುವುದರಲ್ಲಿತ್ತು. ನೆಲ ಮಟ್ಟವಾದಂದಿನಿಂದ ಇದು ದಿನಾ ಆಗುತ್ತಿತ್ತು. ಹಾಸಿಗೆ ಸರಿಮಾಡುವಾಗ ಎಡವುವುದು, ಮೆಟ್ಟಿಲ ಕಡೆ ನಡೆಯುವಾಗ ಇಲ್ಲದ ಏರಿಗೆ ಕಾಲೆತ್ತಿ ಧೊಪ್ಪೆಂದು ಇಡುವುದು. ಯಾರಿಗೂ ಹೇಳಿಕೊಂಡಿರಲಿಲ್ಲ. ಈಗ ತಟ್ಟೆ ಕೆಳಗಿಟ್ಟು, ಅಲ್ಲೇ ನಿಂತು ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿಯೇ ಕಿಟಕಿಯ ಕಡೆಗೆ ಹೊರಟಳು. ನಾಲ್ಕು ಹೆಜ್ಜೆಗೆ ಅವಳ ಮೂಗು ಗೋಡೆಗೆ ಬಡಿಯಿತು. ಬಾಯಿಗೆ ಬಾರದ ಮಾತನ್ನು ಅವಳ ಕಾಲುಗಳು ಯಾವಾಗಲೋ ಕಲಿತುಬಿಟ್ಟಿದ್ದವು.

"ಏನೇ ಅದು ಸದ್ದು?" ಎಂದಳು ಡಾರ್ಕಸ್.

"ಏನಿಲ್ಲ. ಗೋಡೆ."

ಅವಳು ಸೀದಾ ಹಿತ್ತಿಲಿಗೆ ಹೋದಳು. ನಾರ್ಮನ್ ಹೊಸ ಓಕಿನ ದಿಮ್ಮಿಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ಕೊಳದಲ್ಲಿ ನೀರುಕೋಳಿಗಳು ಗಲಾಟೆ ಮಾಡುತ್ತಿದ್ದವು. ಮೂಲೆಗಂಬ ಬುಡವಿಲ್ಲದೆ ಜಾಕಿಗಳ ನಡುವೆ ತೂಗಾಡುತ್ತಿರುವಂತೆ ಕಾಣುತ್ತಿತ್ತು.

"ಹೊಸಾ ಕಾಲು ಇನ್ನೂ ಕೊಯ್ದಿಲ್ವಲ್ಲ?"

"ನಾಳೆ ಬೆಳಿಗ್ಗೆ. ಯಾಕೆ, ಇನ್ನೂ ಸ್ವಲ್ಪ ಎತ್ತಬೇಕಾ ಮಿಸೆಸ್ ಗ್ಯಾರಡ್? ಆಕಾಶಕ್ಕೇ ಮುಟ್ಟಿಸಿಬಿಡೋಣ."

"ಇಳಿಸ್ಬೇಕು."

ನಾರ್ಮನ್ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ. "ಇಳಿಸೋದಾ?"

"ಮೊದ್ಲು ಹೆಂಗಿತ್ತೋ ಹಂಗೆ. ಕಾಲು ಹೊಸದೇ ಇರ್ಲಿ, ಗಟ್ಟಿಯಾಗೇ ಇರ್ಲಿ. ಗಿಡ್ಡಕ್ಕೆ ಕೊಯ್ಯಿ. ಆಗತ್ತೋ ಇಲ್ವೋ?"

"ಆಗದೇನು, ಮನೆಗೆ ಅದೇ ಖುಷಿ. ಎತ್ತೋಕೆ ಹೊರಟಾಗ ಮುನಿಸ್ಕೊಂಡಿತ್ತು." ಅವನು ತಲೆ ಕೆರೆದುಕೊಂಡ. "ಆದ್ರೆ ಎಷ್ಟು ಇಳಿಸ್ಲಿ? ಬುಡ ಕೊಳೆತು ದಿನಕ್ಕೊಂದು ಕಡೆ ವಾಲ್ತಿತ್ತು. ಮೇಲಿನ ನೆಲ ಸರಿಯಾಗಿ ಎಷ್ಟು ಜಾರಿತ್ತು ಅಂತ ನಾನು ಅಳೆದೇ ಇಲ್ಲ. ಮಟ್ಟ ಮಾಡೋ ನೆಲಕ್ಕೆ ಯಾರು ಇಳಿಜಾರು ಅಳೀತಾರೆ?"

ಬ್ರೆಂಡಾ ತನ್ನ ಬಲಗಾಲ ಚಪ್ಪಲಿಯ ಸವೆದ ತುದಿಯನ್ನು ನೋಡಿಕೊಂಡಳು. ಆಮೇಲೆ, ಐವತ್ತು ದಾಟಿದ ಹೆಂಗಸು ಓಡಬಾರದೆಂಬುದನ್ನು ಮರೆತು, ಅಡುಗೆಮನೆಗೆ ಓಡಿದಳು.

ಕ್ಲಿಫ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಬೆಂಕಿಕಡ್ಡಿ, ಇನ್ನೊಂದರಲ್ಲಿ ಬೆಣೆ. ಬುಟ್ಟಿ ಪಕ್ಕದಲ್ಲಿತ್ತು.

"ಬಿಡು ಅದನ್ನ!"

"ಏನಾಯ್ತೇ?"

"ಎಷ್ಟು ಸುಟ್ಟೆ?"

"ಮುಖ ತೊಳೆಯೋ ಮೇಜಿಂದು ಎರಡು ಹೋಯ್ತು. ಒಣ ಓಕು, ಚೆನ್ನಾಗಿ ಹತ್ಕೊಳ್ಳತ್ತೆ. ಯಾಕೆ?"

ಅವಳು ಅವನ ಕೈಯಿಂದ ಬೆಣೆ ಕಿತ್ತುಕೊಂಡು ತಿರುಗಿಸಿ ನೋಡಿದಳು. ಮಂಚದ್ದು. ಬುಟ್ಟಿಯ ತಳದಲ್ಲಿ ಬೀರುವಿನವೆರಡೂ ಇದ್ದವು. ಅವುಗಳ ಅಂಚು ಅವಳದೇ ಚಪ್ಪಲಿಯ ಒದೆತಕ್ಕೆ ದುಂಡಗಾಗಿತ್ತು. ಅವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ನೆಲವನ್ನು ಮತ್ತೆ ಇಳಿಸುತ್ತಿದ್ದೇವೆ ಎಂದು ಹೇಳಿದಳು.

"ತಲೆ ಕೆಟ್ಟಿದ್ಯಾ ನಿಂಗೆ?" ಕ್ಲಿಫ್ ಎದ್ದು ನಿಂತ. "ಆ ಇಳಿಜಾರು ಇಳಿಜಾರು ಅಂತ ಮೂವತ್ತು ವರ್ಷ ನನ್ನ ತಲೆ ತಿಂದಿದ್ದೀಯ!"

"ತಿಂದಿದ್ದೀನಿ. ಇನ್ನೂ ಮೂವತ್ತು ವರ್ಷ ತಿಂತೀನಿ, ಯೋಚ್ನೆ ಮಾಡ್ಬೇಡ. ನಿಮ್ಮಮ್ಮ ಆ ಕೋಣೇಲಿ ನಡೀತಿದ್ದಿದ್ದು ಕಣ್ಣಿಂದ ಅಲ್ಲ ಕ್ಲಿಫ್. ಕಾಲಿಂದ. ನಾವು ಅವರ ಕಾಲು ಕಿತ್ಕೊಂಡ್ವಿ, ಇಬ್ರೂ ಸೇರಿ. ಫೆಲಿಕ್ಸ್‌ಸ್ಟೋಗೆ ಫೋನ್ ಮಾಡೋದು ಆಮೇಲೆ. ಮೊದ್ಲು ಇದು ಆಗ್ಲಿ."

ಕ್ಲಿಫ್ ಬೆಂಕಿಕಡ್ಡಿ ಹಿಡಿದೇ ಅವಳನ್ನು ನೋಡುತ್ತಿದ್ದ. ಆಮೇಲೆ ಅದನ್ನು ಪೆಟ್ಟಿಗೆಗೆ ವಾಪಸ್ಸು ಹಾಕಿದ. "ನನ್ನನ್ನ ಯಾರೂ ಕೇಳ್ಲೇ ಇಲ್ಲ," ಎಂದು ಗೊಣಗಿದ. ಅದು ತಾಯಿ ಆಡಬೇಕಾಗಿದ್ದ ಮಾತು ಎಂದು ಅವನಿಗೂ ಹೊಳೆದಿರಬೇಕು, ಬುಟ್ಟಿಯನ್ನು ಒಲೆಯಿಂದ ದೂರ ಸರಿಸಿದ.

ಬ್ರೆಂಡಾ ಮೊದಲಿನಂತೆ ಬೀರುವಿನ ಕಿಟಕಿ ಕಡೆಯ ಕಾಲುಗಳಿಗೆ ಬೆಣೆ ಕೊಟ್ಟಳು. ಸಮ ನೆಲದ ಮೇಲೆ ಬೀರು ಕುಡಿದವನ ಹಾಗೆ ಒಂದು ಕಡೆಗೆ ವಾಲಿತು. ಬಾಗಿಲು ತಾನಾಗಿ ತೆರೆದು ಮಾವನ ಕೋಟು ಇಣುಕಿತು. "ಈ ಬಾಗಿಲು ಹಾಕಿದ್ರೆ ಹಾಕಿದ ಹಾಗೇ ನಿಲ್ಲೋವರ್ಗೂ ಇಳಿಸು," ಎಂದು ಕಿಟಕಿಯಿಂದ ನಾರ್ಮನ್‌ಗೆ ಕೂಗಿ ಹೇಳಿದಳು. ಹಳೆಯ ಬೆಣೆಯ ಮೇಲೆ ಬೀರು ನೆಟ್ಟಗೆ ನಿಂತರೆ ನೆಲ ಹಳೆಯ ಇಳಿಜಾರಿಗೆ ಬಂತೆಂದೇ ಲೆಕ್ಕ; ಅವಳ ಜೀವಮಾನದ ಜಗಳವೇ ಅಳತೆಗೋಲಾಯಿತು.

ಎತ್ತಿದಷ್ಟೇ ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ತೊಲೆ ಸೀಳುತ್ತದೆ. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಅಷ್ಟು ದಿನವೂ ಬ್ರೆಂಡಾ ಮೆಟ್ಟಿಲ ತುದಿಗೆ ಕುರ್ಚಿ ಅಡ್ಡವಿಟ್ಟು, ಹೊತ್ತುಹೊತ್ತಿಗೆ ಬಂದು ಬೀರುವಿನ ಬಾಗಿಲು ಹಾಕಿ ಕೈಬಿಟ್ಟು ನೋಡುವಳು. ತೆರೆಯುವುದು. ಮತ್ತೆ ಹಾಕುವಳು. ಡಾರ್ಕಸ್ ಏನೂ ಕೇಳಲಿಲ್ಲ. ಅವಳಿಗೆ ಯಾರೂ ಏನೂ ಹೇಳಲೂ ಇಲ್ಲ. ಆಸೆ ತೋರಿಸಿ ಆಗದೆ ಹೋದರೆ ಎಂಬ ಭಯ ಬ್ರೆಂಡಾಗೆ. ಗುಂಡಿಯ ಡಬ್ಬಿ ದಾರ ಕಟ್ಟಿಕೊಂಡೇ ಮೇಜಿನ ಮೇಲೆ ಕೂತಿತ್ತು.

ಕೊನೆಗೊಂದು ಮಧ್ಯಾಹ್ನ ತೊಲೆಗಳು ದೀರ್ಘವಾಗಿ ಕಿರುಗುಟ್ಟಿ ಸುಮ್ಮನಾದವು. ಸಿಕ್ಕಿಕೊಂಡಿದ್ದ ಕೋಣೆಯ ಬಾಗಿಲು ಯಾರೂ ಮುಟ್ಟದೆ ಸಡಿಲವಾಯಿತು. ಬ್ರೆಂಡಾ ಬೀರುವಿನ ಬಾಗಿಲು ಹಾಕಿ ಕೈ ಹಿಂದಕ್ಕೆ ತೆಗೆದಳು. ಕಾದಳು. ಬಾಗಿಲು ಅಲುಗಲಿಲ್ಲ.

ಏರುಗಡೆ, ಹೊಗೆಗೂಡಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಡಾರ್ಕಸ್ ಎರಡೂ ಪಾದಗಳನ್ನು ಹಲಗೆಯ ಮೇಲೆ ಊರಿ, ತಲೆ ಸ್ವಲ್ಪ ವಾರೆ ಮಾಡಿದಳು. ಮಡಿಲಿನಿಂದ ರೀಲನ್ನು ತೆಗೆದು ಬೇಕೆಂದೇ ನೆಲಕ್ಕೆ ಬಿಟ್ಟಳು.

ರೀಲು ಒಂದು ಕ್ಷಣ ತಡೆಯಿತು. ಆಮೇಲೆ ಗಡಗಡ ಎಂದು ಹೊರಟಿತು. ಹಲಗೆಯ ಮೇಲೆ ಹಲಗೆ ದಾಟಿ, ಮಂಚದಡಿ ನುಗ್ಗಿ, ಆಚೆ ಬಂದು, ಮೂಲೆಗೆ ಟಕ್ಕೆಂದು ಬಡಿದು ನಿಂತಿತು.

"ಎಲ್ಲಿ ಹೋಯ್ತೇ?" ಎಂದಳು ಡಾರ್ಕಸ್.

"ಇಳಿಗಡೆ," ಎಂದಳು ಬ್ರೆಂಡಾ.

ಡಾರ್ಕಸಳ ಮುಖದ ಮೇಲೆ ಏನೋ ಹಾದುಹೋಯಿತು. ಹಂದಿಗೂಡಿನ ಕಥೆಯ ನಗುವೇ ಇರಬಹುದು. ಬ್ರೆಂಡಾ ವಾಡಿಕೆಯಂತೆ ಮೊಣಕಾಲೂರಲು ಬಾಗಿದಳು. "ನೀನು ಇರು," ಎಂದಳು ಅತ್ತೆ.

ಅವಳು ಎದ್ದಳು. ಗೋಡೆ ಹಿಡಿಯಲಿಲ್ಲ, ಕೈ ಚಾಚಲಿಲ್ಲ. ಮೊಣಕಾಲನ್ನು ತಾನಾಗಿ ಮುಂದಕ್ಕೆ ಬೀಳಲು ಬಿಡುತ್ತ, ಸಂತೆಗೆ ಹೊರಟವಳಂತೆ ಕೋಣೆಯುದ್ದಕ್ಕೂ ಇಳಿದು ಹೋದಳು. ಮಂಚವನ್ನು ಬಳಸಿ ಮೂಲೆಯಲ್ಲಿ ಬಾಗಿ, ತಡಕಿ, ರೀಲನ್ನೆತ್ತಿದಳು. ತಿರುಗಿ, ಏದುಸಿರು ಬಿಡುತ್ತ ಏರಿ ಬಂದು, ಅದನ್ನು ಸೊಸೆಯ ಅಂಗೈಯಲ್ಲಿಟ್ಟಳು.

"ಸೂಜಿಗೆ ದಾರ ಪೋಣಿಸ್ಕೊಡು. ಕ್ಲಿಫ್‌ನ ಕೋಟಿನ ಗುಂಡಿ ಹೋಗಿ ಎಷ್ಟು ದಿನ ಆಯ್ತು? ನಿಂಗಂತೂ ಕಣ್ಣಿದ್ರೂ ಕಾಣಲ್ಲ."

ಬ್ರೆಂಡಾ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಒಮ್ಮೆ ಪ್ರಯತ್ನಿಸಿದಳು, ಇನ್ನೊಮ್ಮೆ ಪ್ರಯತ್ನಿಸಿದಳು. ಆವತ್ತು ಅವಳಿಗೆ ಸೂಜಿಯ ಕಣ್ಣು ಬೇಗ ಸಿಕ್ಕಲಿಲ್ಲ.